ಎಳೆಗೂಸಿನ ಹಾಲು: ಬೆಚ್ಚಗಾದರೆ ಸಾಕು

ಕಳೆದ ಮಳೆಗಾಲದಲ್ಲಿ ನಮಗೆ ಪರಿಚಯದ ಮನೆಯೊಂದರಲ್ಲಿ ಏಳೂವರೆ ತಿಂಗಳಿಗೇ ಹೆರಿಗೆಯಾಯಿತು. ಮಗು ಆಸ್ಪತ್ರೆಯ ತೀವ್ರ ನಿಗಾ ಘಟಕದೊಳಗೆ, ತಾಯಿ ಹೊರಗಿನ ವಾರ್ಡಿನಲ್ಲಿ. ಚೀಪಲು ಬಲವಿಲ್ಲದ ಕೂಸಿಗೆ ತಾಯಿ ಹಿಂಡಿ ಕೊಟ್ಟ ಹಾಲನ್ನು ಸಣ್ಣ ಕೊಳವೆಯ ಮೂಲಕ ಕೊಡುತ್ತಿದ್ದರು. ಒಂದು ಸಂಜೆ ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಅಜ್ಜಿಯ ಕೈಗಿತ್ತು, "ಸ್ವಲ್ಪ ಬಿಸಿ ಮಾಡಿ ತನ್ನಿ" ಎಂದರಂತೆ. ಅಜ್ಜಿ ಕ್ಯಾಂಟೀನಿಗೆ ಹೋಗಿ, ನಲವತ್ತು ವರ್ಷ ದನ ಸಾಕಿದ ಅಭ್ಯಾಸದಲ್ಲಿ, ಹಾಲನ್ನು ಪಾತ್ರೆಗೆ ಹೊಯ್ದು ಒಂದು ಕುದಿ ಬರಿಸಿ ತಂದರು. ದಾದಿ ಅದನ್ನು ಚೆಲ್ಲಿದರು, ನಾಲ್ಕು ಜನರ ಎದುರು ಗದರಿಸಿದರು ಕೂಡ. ಹೊಲಿಗೆಯ ನೋವಿನಲ್ಲಿ ತಾಯಿ ಕೂತು ಹಿಂಡಿದ ಹಾಲು ಅದು.

ಅಜ್ಜಿಯದು ತಪ್ಪೆಂದು ನಾವು ಹೇಳುವುದಿಲ್ಲ. ಹಾಲು ಎಂದರೆ ಕಾಯಿಸಬೇಕು ಎಂದೇ ನಾವೆಲ್ಲ ಕಲಿತದ್ದು. ದನದ ಹಾಲಿಗೆ ಅದು ಸರಿ. ಕೆಚ್ಚಲು, ಸೆಗಣಿ, ಕೈ, ಕ್ಯಾನು ಇಷ್ಟನ್ನು ದಾಟಿ ಬರುವ ಹಾಲಿನಲ್ಲಿ ಏನೇನಿರುತ್ತದೋ ದೇವರೇ ಬಲ್ಲ. ಆದರೆ ತಾಯಿಯ ಹಾಲಿನ ಕಥೆ ಬೇರೆ. ಅದನ್ನು ತಿಳಿಯಲು ದೊಡ್ಡ ಪುಸ್ತಕ ಬೇಡ, ನಮ್ಮ ಹಟ್ಟಿಯಲ್ಲೇ ಪಾಠವಿದೆ. ದನ ಕರು ಹಾಕಿದ ದಿನದ ಗಿಣ್ಣುಹಾಲನ್ನು ಒಲೆಯ ಮೇಲಿಟ್ಟರೆ ಏನಾಗುತ್ತದೆ? ಗಟ್ಟಿಯಾಗುತ್ತದೆ. ಬೆಲ್ಲ, ಏಲಕ್ಕಿ ಹಾಕಿ ನಾವು ತಿನ್ನುತ್ತೇವೆ. ಹಾಗೆ ಗಟ್ಟಿಯಾಗುವ ಸಾರದಲ್ಲೇ ಕರುವನ್ನು ರೋಗದಿಂದ ಕಾಯುವ ಶಕ್ತಿ ಇರುವುದು. ಆದ್ದರಿಂದಲೇ ತಬ್ಬಲಿ ಕರುವಿಗೆ ಗಿಣ್ಣು ಕುಡಿಸುವಾಗ ಕುದಿಸಬಾರದು, ಬಿಸಿನೀರಿನಲ್ಲಿ ಪಾತ್ರೆ ಇಟ್ಟು ಹದಮಾಡಬೇಕು. ಕರುವಿಗೆ ಸಲ್ಲುವ ಈ ನ್ಯಾಯ ಕೂಸಿಗೂ ಸಲ್ಲುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಗುವಿನ ಕರುಳು ಬಲು ಎಳೆಯದು. ಅಂಥ ಕರುಳಿಗೆ ಬರುವ, ಜೀವಕ್ಕೇ ಸಂಚಕಾರ ತರುವ ಉರಿಯೂತವನ್ನು ತಡೆಯುವುದರಲ್ಲಿ ತಾಯಿಹಾಲಿಗೆ ದೊಡ್ಡ ಪಾಲಿದೆ. ಕುದಿಸಿದರೆ ಆ ಕಾಯುವ ಗುಣ ಬಹುಪಾಲು ಹೋಗುತ್ತದೆ.

ಇನ್ನೊಬ್ಬ ತಾಯಿಯ ಹಾಲನ್ನು ಕೊಡುವ ಹಾಲಿನ ಬ್ಯಾಂಕುಗಳೂ ಕುದಿಸುವುದಿಲ್ಲ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದ ಡಾ. ಅರ್ಮಿಡಾ ಫೆರ್ನಾಂಡಿಸ್ ಅವರು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ಆರಂಭಿಸಿದರು. ಕೇರಳಕ್ಕೆ ಅಂಥದ್ದು ಬಂದದ್ದು 2021ರಲ್ಲಿ, ಎರ್ನಾಕುಳಂನ ಜನರಲ್ ಆಸ್ಪತ್ರೆಗೆ. ಇಂಥ ಬ್ಯಾಂಕುಗಳಲ್ಲಿ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಡುತ್ತಾರೆ, ಅಷ್ಟೆ. ಅದರಿಂದಲೂ ಕೆಲವು ಗುಣ ಕಡಿಮೆಯಾಗುತ್ತದೆ. ಬೇರೆಯವರ ಹಾಲಾದ್ದರಿಂದ ಮಾಡದೆ ವಿಧಿಯಿಲ್ಲ. ಸ್ವಂತ ತಾಯಿಯ ಹಾಲಿಗೆ ಸಾಮಾನ್ಯವಾಗಿ ಅಷ್ಟೂ ಬೇಡ. ಮೈಯ ಬಿಸಿಯಷ್ಟು, ಅಂದರೆ 37 ಡಿಗ್ರಿಯ ಆಸುಪಾಸು, ಬೆಚ್ಚಗಾದರೆ ಸಾಕು, 40 ದಾಟಬಾರದು. ಮೈಕ್ರೊವೇವ್ ಒಲೆಯಂತೂ ಬೇಡವೇ ಬೇಡ. ಅದರಲ್ಲಿ ಹಾಲು ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುವಷ್ಟು ಕಾದಿರುತ್ತದೆ.

ಇಲ್ಲಿಯವರೆಗಿನದು ಮನೆಯವರಿಗೆ. ಆಸ್ಪತ್ರೆಯವರಿಗೂ ಒಂದು ಮಾತಿದೆ.

ಹಾಲಿನಷ್ಟೇ ಅದನ್ನು ಬೆಚ್ಚಗೆ ಮಾಡುವ ನೀರಿನ ಬಗ್ಗೆಯೂ ಯೋಚಿಸಬೇಕು. ಬೆಳಿಗ್ಗೆ ಬೇಸಿನ್ನಿಗೆ ನಲ್ಲಿಯಿಂದ ತುಂಬಿದ ನೀರು, ಅದರಲ್ಲಿ ಸಾಲಾಗಿ ಮುಳುಗಿದ ನಾಲ್ಕಾರು ಮಕ್ಕಳ ಬಾಟಲಿಗಳು, ಸಂಜೆಗೂ ಅದೇ ನೀರು: ಇಂಥ ದೃಶ್ಯವನ್ನು ನಾವೇ ನೋಡಿದ್ದೇವೆ. ಉಗುರುಬೆಚ್ಚಗಿನ ನೀರು ರೋಗಾಣುಗಳಿಗೂ ಹಿತವೇ. ಮುಚ್ಚಳದ ಸಂದಿಯಿಂದ ಒಂದು ಹನಿ ಒಳಗಿಳಿದರೂ ಒಂದೂವರೆ ಕಿಲೋ ತೂಗದ ಮಗುವಿಗೆ ಅಪಾಯ. ಇದು ಬರಿಯ ಹೆದರಿಕೆಯಲ್ಲ. 2011ರ ಡಿಸೆಂಬರಿನಿಂದ 2012ರ ಜನವರಿಯವರೆಗೆ ಉತ್ತರ ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಸ್ಯೂಡೋಮೋನಾಸ್ ಎಂಬ ರೋಗಾಣು ತಗಲಿ ನಾಲ್ಕು ಎಳೆಗೂಸುಗಳು ತೀರಿಕೊಂಡವು. ಹುಡುಕುತ್ತಾ ಹೋದಾಗ ರೋಗಾಣು ಸಿಕ್ಕಿದ್ದು ನೀರಿನ ನಲ್ಲಿಗಳಲ್ಲಿ. ಹೆಪ್ಪುಗಟ್ಟಿಸಿದ ತಾಯಿಹಾಲನ್ನು ಕರಗಿಸಲು ಇಂಥ ಘಟಕಗಳಲ್ಲಿ ನಲ್ಲಿ ನೀರು ಬಳಸಬಾರದೆಂದು ಆಮೇಲೆ ಅಲ್ಲಿ ಸೂಚನೆ ಹೊರಟಿತು. ಅಂಥ ಸಿರಿವಂತ ದೇಶದ ನಲ್ಲಿಯ ಗತಿ ಇದಾದರೆ, ನಮ್ಮ ಟ್ಯಾಂಕಿ ನೀರಿನ ಬಗ್ಗೆ ಹೇಳುವುದೇನು?

ಇನ್ನೊಂದು ತೊಂದರೆ ಚೀಟಿಯದು. ನೀರಿನಲ್ಲಿ ನೆನೆದ ಚೀಟಿ ಕಳಚುತ್ತದೆ, ಶಾಯಿ ಅಳಿಸುತ್ತದೆ. ನಮ್ಮ ಕಡೆ ಅರ್ಧ ತಾಯಂದಿರ ಹೆಸರಿನಲ್ಲಿ ಮೇರಿ ಇರುತ್ತದೆ. ಯಾವ ಮೇರಿಯ ಹಾಲು ಯಾವ ಮಗುವಿಗೆ?

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ನಿಗಾ ಘಟಕದಲ್ಲಿರುವ ಮಗುವಿನ ಹಾಲನ್ನು ಬೆಚ್ಚಗೆ ಮಾಡುವ ಕೆಲಸವನ್ನು ಕ್ಯಾಂಟೀನಿಗೆ ಓಡುವ ಬಂಧುಗಳ ಮೇಲೆ ಹೊರಿಸಬಾರದು. ಅದು ಆಸ್ಪತ್ರೆಯ ಕೆಲಸ. ನೀರಿಲ್ಲದೆ ಬೆಚ್ಚಗೆ ಮಾಡುವ ಯಂತ್ರಗಳು ಈಗ ಬಂದಿವೆ. ಕೊಳ್ಳಲು ಹಣವಿಲ್ಲವೆಂದರೆ ಬಡ ಆಸ್ಪತ್ರೆಯೂ ಮಾಡಬಹುದಾದ ದಾರಿಯಿದೆ: ಒಂದು ಮಗುವಿಗೆ ಒಂದು ತೊಳೆದು ಒಣಗಿಸಿದ ಪಾತ್ರೆ, ಕುದಿಸಿ ಆರಿಸಿದ ನೀರು, ಬಾಟಲಿಯ ಸುತ್ತ ಶುಚಿಯಾದ ಪ್ಲಾಸ್ಟಿಕ್ ಚೀಲ, ನೀರು ಕತ್ತಿನಿಂದ ಕೆಳಗೆ. ಪ್ರತಿ ಸಲ ಹೊಸ ನೀರು. ದಾದಿಯರಿಗೆ ಕೈತುಂಬ ಕೆಲಸವಿರುವುದು ನಮಗೂ ಗೊತ್ತು. ಒಬ್ಬರೇ ಎಂಟು ಹತ್ತು ಮಕ್ಕಳನ್ನು ನೋಡುವಲ್ಲಿ ಇದನ್ನೂ ಕೇಳುವುದು ಕಷ್ಟವೇ. ಹಾಗೆಂದು ಕೇಳದೆ ಇರಲಾಗದು. ಸೊಸೈಟಿಯಲ್ಲಿ ಹಾಲಿನ ಅಳತೆ ಒಂದಿಷ್ಟು ಹೆಚ್ಚುಕಡಿಮೆಯಾದರೆ ಜಗಳಕ್ಕೆ ನಿಲ್ಲುವ ನಾವು, ಮಗುವಿನ ಹಾಲಿನ ಬೇಸಿನ್ನಿನ ನೀರು ಯಾವಾಗ ಬದಲಾಯಿಸಿದಿರಿ ಎಂದು ಕೇಳಲು ಸಂಕೋಚಪಡುತ್ತೇವಲ್ಲ!

ತಾಯಿಗೆ ಬಿಡುಗಡೆಯಾಗಿ ಮಗು ಮಾತ್ರ ಒಳಗೇ ಉಳಿದಾಗ ಮನೆಯಿಂದ ಹಾಲು ಒಯ್ಯಬೇಕಾಗುತ್ತದೆ. 25 ಡಿಗ್ರಿ ಸೆಖೆಯಲ್ಲಿ ಹಿಂಡಿದ ಹಾಲು 4 ಗಂಟೆ ಹೊರಗಿರಬಹುದು ಎನ್ನುತ್ತಾರೆ. ನಮ್ಮ ಏಪ್ರಿಲಿನಲ್ಲಿ ಆ ಲೆಕ್ಕ ನಡೆಯದು. ತಲಪಾಡಿ ದಾಟಿ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ಐಸ್ ಇಟ್ಟ ಪೆಟ್ಟಿಗೆಯಲ್ಲೇ ಒಯ್ಯಿರಿ. ಬೆಚ್ಚಗಿರಲೆಂದು ಬಿಸಿನೀರಿನ ಫ್ಲಾಸ್ಕಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿಸಿದ ಹಾಲನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿದರೆ ತಾನಾಗಿ ಕರಗುತ್ತದೆ, ಕರಗಿದ ಮೇಲೆ ಒಂದು ದಿನದೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಒಮ್ಮೆ ಬೆಚ್ಚಗೆ ಮಾಡಿದ ಹಾಲನ್ನು ಮತ್ತೊಮ್ಮೆ ಬೆಚ್ಚಗೆ ಮಾಡಲೂ ಬಾರದು. ಮೇಲೆ ಕೆನೆ ಕಟ್ಟಿದ್ದರೆ ಹಾಲು ಕೆಟ್ಟಿತೆಂದು ಚೆಲ್ಲಬೇಡಿ. ಮೆಲ್ಲಗೆ ಆಡಿಸಿದರೆ ಬೆರೆಯುತ್ತದೆ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟಾಗ ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ಇದ್ದರೆ ಅದೇ ಹದ.

ಆ ಮನೆಯ ಕೂಸು ಈಗ ಮನೆಗೆ ಬಂದಿದೆ, ತಾಯಿಯ ಮೊಲೆಯನ್ನೇ ಚೀಪುತ್ತದೆ. ತಾಯಿ ಹೊರಗೆ ಹೋದ ದಿನಕ್ಕೆಂದು ಅಜ್ಜಿ ಒಂದು ಸ್ಟೀಲ್ ಪಾತ್ರೆಯನ್ನು ಬೇರೆಯೇ ಇಟ್ಟಿದ್ದಾರೆ. ಮೊನ್ನೆ ಅದರಲ್ಲಿ ಚಹಾ ಮಾಡಲು ಹೋದ ಅಜ್ಜನಿಗೆ ಬೈಗುಳ ಸಿಕ್ಕಿತಂತೆ.