ಅಪ್ಪನ ಕಿವಿ ಸರಿಯಾಗೇ ಇತ್ತು

ಹೋದ ತಿಂಗಳು ಅಪ್ಪ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದರು. ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿ, "ನಿಮ್ಮಪ್ಪಂಗೆ ಕಿವಿ ಮಂದ ಆಗಿದೆ ಕಣೋ, ನೀನು ಕಂಪ್ಯೂಟರಲ್ಲಿ ಮಾತಾಡೋದು ಏನೂ ಕೇಳಲ್ವಂತೆ" ಅಂದಾಗ ಎದೆ ಧಸಕ್ಕೆಂದಿತು. ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆ ಅಂತ ಕಳಿಸಿದ್ದರು. ಅಪ್ಪನಿಗೆ ನಂಬಿಕೆ ಬರಲಿಲ್ಲ. ಇನ್ನೊಬ್ಬ ಡಾಕ್ಟರನ್ನು ಹುಡುಕ್ತಾ ಇದ್ದರು.

ಆ ಶನಿವಾರ ಊರಿಗೆ ಹೋದೆ. ಅಪ್ಪನದು ಹಳೇ ಅಸೆಂಬಲ್ಡ್ ಕಂಪ್ಯೂಟರು. ಅದಕ್ಕೆ ಹಗುರವಾದ ಲಿನಕ್ಸ್ ಹಾಕಿಕೊಟ್ಟ ಮಹಾನುಭಾವ ನಾನೇ. ಪರದೆಯ ಮೂಲೆಯಲ್ಲಿ ವಾಲ್ಯೂಮ್ 100 ಅಂತ ತೋರಿಸ್ತಿತ್ತು. ಸ್ಪೀಕರಿನ ಗುಂಡಿಯನ್ನು ಅಪ್ಪ ಕೊನೆಯವರೆಗೂ ತಿರುಗಿಸಿಟ್ಟಿದ್ದರು. ಸುಂಯ್ ಅನ್ನೋ ಸದ್ದು ಜೋರಾಗಿತ್ತು, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗಿತ್ತು. ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಅಂತ ಟೈಪ್ ಮಾಡಿದೆ. ಸಾಲಾಗಿ ಕಂಬಗಳು ಎದ್ದು ನಿಂತವು: ಮಾಸ್ಟರ್, ಹೆಡ್‌ಫೋನ್, ಪಿಸಿಎಂ, ಫ್ರಂಟ್. ಮಾಸ್ಟರ್ 100ರಲ್ಲಿತ್ತು. ಪಿಸಿಎಂ 30ರಲ್ಲಿ ಕೂತಿತ್ತು. ಮೂಲೆಯ ಸ್ಲೈಡರು ಮಾಸ್ಟರನ್ನಷ್ಟೇ ಅಲ್ಲಾಡಿಸ್ತಾ ಇತ್ತು. ಪಿಸಿಎಂ ಅನ್ನೋದೊಂದು ಇದೆ ಅಂತ ಅಪ್ಪನಿಗೆ ಯಾರು ಹೇಳಬೇಕಿತ್ತು? ಬಾಣದ ಕೀ ಒತ್ತಿ ಏರಿಸಿದೆ. ಅರ್ಧ ನಿಮಿಷದ ಕೆಲಸ. ಅದಕ್ಕಾಗಿ ಒಬ್ಬ ಮನುಷ್ಯ ಎರಡು ವಾರ ತಾನು ಕಿವುಡನಾಗ್ತಿದ್ದೀನಿ ಅಂತ ನಂಬಿಕೊಂಡಿದ್ದ.

ನನಗೆ ಸಿಟ್ಟು ಬಂದಿದ್ದು ಇಲ್ಲಿ. ತಪ್ಪು ಯಂತ್ರದ್ದು, ಅನುಮಾನ ಅಪ್ಪನಿಗೆ ತಮ್ಮ ಮೇಲೆ.

ಮನೆಯ ನೀರಿನ ವ್ಯವಸ್ಥೆ ನೆನಪು ಮಾಡ್ಕೊಳ್ಳಿ. ಸಂಪು, ಮೋಟರು, ಮೇಲಿನ ಟ್ಯಾಂಕು, ವಾಲ್ವು, ಕೊನೆಗೆ ಅಡುಗೆಮನೆ ನಲ್ಲಿ. ಎಲ್ಲೋ ಒಂದು ಕಡೆ ಮುಚ್ಚಿದ್ರೂ ನೀರು ಬರಲ್ಲ. ಕಂಪ್ಯೂಟರಿನ ಸದ್ದೂ ಹಾಗೇ: ವಿಡಿಯೋ ಪ್ಲೇಯರಿನ ಸ್ಲೈಡರು, ಸಿಸ್ಟಮ್ಮಿನ ವಾಲ್ಯೂಮು, ಸೌಂಡ್ ಕಾರ್ಡಿನೊಳಗಿನ ಮಾಸ್ಟರು, ಪಿಸಿಎಂ, ಫ್ರಂಟು, ಆಮೇಲೆ ಸ್ಪೀಕರಿನ ಗುಂಡಿ. ವ್ಯತ್ಯಾಸ ಇಷ್ಟೇ, ನೀರಿನ ವಾಲ್ವು ಕಣ್ಣಿಗೆ ಕಾಣುತ್ತೆ. ನೀರು ಬರಲಿಲ್ಲ ಅಂತ ಕರೆದ್ರೆ ಪ್ಲಂಬರು "ಮ್ಯಾನ್ಯುಯಲ್ ಓದ್ಕೊಳ್ಳಿ ಸಾರ್" ಅನ್ನಲ್ಲ.

ಅನ್ನೋರು ನಾವು, ಸಾಫ್ಟ್‌ವೇರಿನವರು. ಪಾಪ, ನಮಗೂ ಕಾರಣಗಳಿವೆ. ಆಲ್ಸಾ, ಅಂದರೆ ಲಿನಕ್ಸಿನಲ್ಲಿ ಸೌಂಡ್ ಕಾರ್ಡನ್ನು ನಡೆಸುವ ವ್ಯವಸ್ಥೆ, 2003ರ ಕೊನೆಗೆ ಬಂದ 2.6 ಕರ್ನಲ್‌ನಿಂದ ಅದರ ಭಾಗವೇ ಆಗಿದೆ. ಅದರಲ್ಲಿ ಚಾನೆಲ್ಲುಗಳೆಲ್ಲ ಮೊದಲಿಗೆ ಮ್ಯೂಟ್ ಆಗಿರೋದೇ ವಾಡಿಕೆಯಾಗಿತ್ತು. ಒಮ್ಮೆಲೇ ಪೂರ್ತಿ ಸದ್ದು ಬಂದು ಕಿವಿಯೋ ಸ್ಪೀಕರೋ ಹಾಳಾಗದಿರಲಿ ಅನ್ನೋದು ಒಳ್ಳೇ ಯೋಚನೆ. ಪ್ರತಿ ಪ್ರೋಗ್ರಾಮಿಗೂ ಬೇರೆ ವಾಲ್ಯೂಮ್ ಇರೋದೂ ಉಪಯೋಗವೇ. ಹಾಡು ಕೇಳ್ತಾ ಬ್ರೌಸರಿನ ಜಾಹೀರಾತಿನ ಬಾಯಿ ಮುಚ್ಚಿಸಬಹುದು. ವಿಂಡೋಸ್ ವಿಸ್ತಾ ಅದನ್ನು ಕೊಟ್ಟಿತು. ಉಬುಂಟು 8.04ರ ಜೊತೆ 2008ರಲ್ಲಿ ಬಂದ ಪಲ್ಸ್‌ಆಡಿಯೋ ಕೂಡ ಕೊಟ್ಟಿತು. ಗುಂಡಿಗಳು ಹೆಚ್ಚಾದವು ಅನ್ನೋದು ನನ್ನ ತಕರಾರಲ್ಲ. ಯಾವ ಗುಂಡಿ ಸದ್ದನ್ನು ತಡೆದಿದೆ ಅಂತ ಯಾವುದೂ ಹೇಳಲ್ಲ ಅನ್ನೋದು ತಕರಾರು. ದಾರಿಯ ಮಧ್ಯೆ ಬಾಗಿಲು ಮುಚ್ಚಿದ್ರೂ ಮೂಲೆಯ ಐಕಾನು 100 ಅಂತ ಹಲ್ಲು ಕಿರಿಯುತ್ತೆ. ಇದನ್ನು ನಾನು ಸುಳ್ಳು ಅಂತೀನಿ. ನೀವೇನಂತೀರಿ?

ಆ 100ರ ಕಥೆಯೂ ಕೇಳಿ. ಕಿವಿ ಸದ್ದನ್ನು ಅಳೆಯೋದು ಸ್ಕೇಲಿನ ಹಾಗಲ್ಲ. ಅದಕ್ಕೇ ಎಂಜಿನಿಯರುಗಳು ಡೆಸಿಬೆಲ್ ಇಟ್ಟುಕೊಂಡಿದ್ದಾರೆ. ಪಲ್ಸ್‌ಆಡಿಯೋದಲ್ಲಿ 50 ಅಂದರೆ ಸುಮಾರು 18 ಡೆಸಿಬೆಲ್ ಇಳಿಕೆ. ಇನ್ನೊಂದು ಪ್ರೋಗ್ರಾಮಿನ 50 ಬೇರೆಯೇ ಇರಬಹುದು. ಒಂದೇ ಅಂಕಿ, ಬೇರೆ ಬೇರೆ ಅರ್ಥ. ಸಂತೆಯಲ್ಲಿ ಇಂಥ ತೂಕದ ಕಲ್ಲು ಇಟ್ಕೊಂಡ್ರೆ ಬೈಸ್ಕೋಬೇಕಾಗುತ್ತೆ.

"ಆಸಕ್ತಿ ಇದ್ರೆ ಕಲೀತಾರೆ ಬಿಡ್ರಿ" ಅಂತ ಆಫೀಸಿನಲ್ಲಿ ಒಬ್ಬರು ಅಂದರು. ಅಪ್ಪ ಕಲೀಲಿಲ್ಲ ಅಂತಲ್ಲ. 60 ದಾಟಿದ ಮೇಲೆ ಕನ್ನಡ ಟೈಪಿಂಗ್ ಕಲಿತರು. ಅವರ ಹಳೇ ರೇಡಿಯೋದಲ್ಲಿ ಆನ್ ಮಾಡೋ ಗುಂಡಿಯೇ ವಾಲ್ಯೂಮ್ ಗುಂಡಿ. ಟಕ್ ಅಂತ ತಿರುಗಿಸಿದ್ರೆ ಶುರು, ಮುಂದೆ ತಿರುಗಿಸಿದ್ರೆ ಜೋರು. ಅದಕ್ಕೆ ಮ್ಯಾನ್ಯುಯಲ್ ಬೇಕಿರಲಿಲ್ಲ. ಸದ್ದು ಏರಿಸೋದು ಒಂದು ವಿದ್ಯೆ ಆಗಬೇಕಾ?

ಹಾಗಂತ ಬೈದು ಸುಮ್ಮನಾದ್ರೆ ಅಪ್ಪಂದಿರಿಗೆ ಕೇಳಿಸಲ್ಲ. ಈ ಸಲ ಊರಿಗೆ ಹೋದಾಗ ಇಷ್ಟು ಮಾಡಿ. ಮೊದಲು ಹಿಂದಿನ ತೂತು ನೋಡಿ: ಸ್ಪೀಕರ್ ಹಸಿರಿಗೆ, ಮೈಕು ಗುಲಾಬಿಗೆ. ಲಿನಕ್ಸ್ ಆದ್ರೆ ಆಲ್ಸಾಮಿಕ್ಸರ್ ತೆರೆಯಿರಿ. ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿ, ಎಷ್ಟೋ ಸಲ ಸದ್ದು ಎಚ್‌ಡಿಎಂಐ ಕಡೆ ಹೋಗಿ ಕೂತಿರುತ್ತೆ. ಕಂಬದ ಕೆಳಗೆ ಎಂಎಂ ಅಂತಿದ್ರೆ ಅದು ಮ್ಯೂಟು, ಎಂ ಒತ್ತಿದ್ರೆ ತೆರೆದುಕೊಳ್ಳುತ್ತೆ. ಮೈಕಿನ ಕಂಬಗಳು ಎಫ್4ರಲ್ಲಿವೆ. ಎಲ್ಲ ಸರಿಹೋದ ಮೇಲೆ ಸುಡೋ ಜೊತೆ ಆಲ್ಸಾಸಿಟಿಎಲ್ ಸ್ಟೋರ್ ಕಮಾಂಡ್ ಕೊಟ್ಟು ಉಳಿಸಿ. ಒಳಗಿನ ವಾಲ್ಯೂಮುಗಳನ್ನು ಸದ್ದು ಒಡೆಯದಷ್ಟು ಮೇಲಿಟ್ಟು, ದಿನದ ಏರಿಳಿತವನ್ನು ಸ್ಪೀಕರಿನ ಗುಂಡಿಗೆ ಬಿಡಿ. ಒಳಗೆ ತಗ್ಗಿಸಿ ಹೊರಗೆ ಏರಿಸಿದ್ರೆ ಆ ಸುಂಯ್ ಅನ್ನೋದೂ ಜೊತೆಗೇ ಏರುತ್ತೆ.

ಇನ್ನು ಇಂಥದ್ದನ್ನು ಬರೆಯೋ ಕೆಲಸದಲ್ಲಿರುವ ಗೆಳೆಯರಿಗೆ ಒಂದು ಮಾತು. ದಾರಿಯಲ್ಲಿ ಎಲ್ಲೇ ಮ್ಯೂಟ್ ಇದ್ರೂ ಮೂಲೆಯ ಐಕಾನಿನಲ್ಲಿ ತೋರಿಸಿ. "ಕೇಳಿಸ್ತಿಲ್ವಾ?" ಅಂತ ಒಂದು ಬಟನ್ ಇಟ್ಟು, ಎಲ್ಲಿ ತಡೆ ಇದೆ ಅಂತ ಹೇಳಿ. ಆಗದ ಕೆಲಸವೇನಲ್ಲ. ಮಾಡೋ ಮನಸ್ಸು ಬೇಕು ಅಷ್ಟೇ.

ಅವತ್ತು ಪಿಸಿಎಂ ಏರಿಸಿ ಒಂದು ಹಾಡು ಹಾಕಿದೆ. ಅಪ್ಪ ಬೆಚ್ಚಿಬಿದ್ದು "ಕಡಿಮೆ ಮಾಡೋ, ಅಕ್ಕಪಕ್ಕದವರು ಬರ್ತಾರೆ" ಅಂದರು. ಆಮೇಲೆ ಮೆಲ್ಲಗೆ, "ನನ್ನ ಕಿವೀನೇ ಹೋಯ್ತು ಅಂದ್ಕೊಂಡಿದ್ದೆ" ಅಂದರು. ಲಿನಕ್ಸ್ ಹಾಕಿಕೊಟ್ಟವನು ನಾನು. ತಲೆ ತಗ್ಗಿಸಿದೆ.