ವಯೋಮಿತಿಯಿಲ್ಲದ ಡ್ರಮ್ ಮೇಳ



ಈ ಅಂಕಣದಲ್ಲಿ ನಮ್ಮ ನಾಡಿನ ಗಾಯನ ವಾದನಗಳ ವಿಚಾರ ಬರೆಯುವುದು ವಾಡಿಕೆ. ಈ ಸಲ ದೂರದ ದೇಶದ ವಾದ್ಯಸಂಪ್ರದಾಯವೊಂದನ್ನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ನಮ್ಮ ಎಷ್ಟೋ ಮನೆತನಗಳ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿಯ ಶಾಲೆಗಳಲ್ಲಿ ಓದುವ ಹುಡುಗರು ಮಾರ್ಚಿಂಗ್ ಬ್ಯಾಂಡಿಗೆ ಸೇರಿ, ಬಿರುಬಿಸಿಲಿನಲ್ಲಿ ಡ್ರಮ್ ಹೊತ್ತು ಗಂಟೆಗಟ್ಟಲೆ ನಡೆಯುವುದನ್ನು ಕಂಡು, ಇದೂ ಒಂದು ವಿದ್ಯೆಯೇ ಎಂದು ಕೇಳುವ ಅಜ್ಜ ಅಜ್ಜಿಯರಿದ್ದಾರೆ. ವಿದ್ಯೆಯೇ ಹೌದು, ಅದೂ ಕಠಿಣವಾದ ವಿದ್ಯೆ.

ಡ್ರಮ್ ಕೋರ್ ಎಂದರೆ ಮೂರು ಅಂಗಗಳ ಮೇಳ. ಹಿತ್ತಾಳೆಯ ಊದುವಾದ್ಯಗಳು, ಡ್ರಮ್ಮುಗಳು, ಧ್ವಜ ಹಿಡಿದು ನರ್ತಿಸುವ ಕಲರ್ ಗಾರ್ಡ್. ಕೊಳಲು, ಕ್ಲಾರಿನೆಟ್ಟುಗಳಿಗೆ ಇಲ್ಲಿ ಪ್ರವೇಶವಿಲ್ಲ. ಇದರ ಮೂಲ ಸೈನ್ಯದ ಡ್ರಮ್ ಮತ್ತು ಬ್ಯೂಗಲ್ ಸಂಕೇತಗಳಲ್ಲಿದೆ. ಮೊದಲ ಮಹಾಯುದ್ಧ ಮುಗಿದು ಊರಿಗೆ ಮರಳಿದ ಸಿಪಾಯಿಗಳು, 1919ರಲ್ಲಿ ಹುಟ್ಟಿದ ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳ ಆಶ್ರಯದಲ್ಲಿ ಈ ಮೇಳಗಳನ್ನು ಕಟ್ಟಿದರು. ಮುಂದೆ ಚರ್ಚುಗಳೂ ತಮ್ಮ ಮಕ್ಕಳಿಗಾಗಿ ಮೇಳ ಕಟ್ಟಿದವು. ನ್ಯೂಜೆರ್ಸಿಯ ಗಾರ್ಫೀಲ್ಡ್ ಊರಿನಲ್ಲಿ 1934ರಲ್ಲಿ ಹೋಲಿ ನೇಮ್ ಚರ್ಚಿನ ಮಕ್ಕಳಿಂದ ಆರಂಭವಾದ ಕೆಡೆಟ್ಸ್ ಎಂಬ ಸುಪ್ರಸಿದ್ಧ ಮೇಳ ತೊಂಬತ್ತು ವರ್ಷ ಬಾಳಿ 2024ರಲ್ಲಿ ಮುಚ್ಚಿಹೋಯಿತು. ದಾನಿಗಳು ಕಟ್ಟಿದ ಸಂಸ್ಥೆ ದಾನಿಗಳ ಮರಿಮಕ್ಕಳ ಕಾಲದಲ್ಲಿ ಏನಾಗುತ್ತದೆಂಬ ಪ್ರಶ್ನೆ ನಮ್ಮಲ್ಲಿ ಮಾತ್ರ ಇರುವುದಲ್ಲ.

1971ರಲ್ಲಿ ಸ್ಥಾಪಿತವಾದ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಪ್ರಮುಖ ಮೇಳಗಳು ತರುಣರವು. ಇಪ್ಪತ್ತೊಂದು, ಇಪ್ಪತ್ತೆರಡರ ಹೊತ್ತಿಗೆ ಸದಸ್ಯನು ಹೊರಬರಲೇಬೇಕು. ಆ ತರುಣರು ಬೇಸಿಗೆಯುದ್ದಕ್ಕೂ ಬಸ್ಸಿನಲ್ಲಿ ಊರೂರು ಸುತ್ತಿ, ಶಾಲೆಯ ವ್ಯಾಯಾಮಶಾಲೆಗಳ ನೆಲದ ಮೇಲೆ ಮಲಗಿ, ಹಗಲೆಲ್ಲ ಅಭ್ಯಾಸ ಮಾಡುತ್ತಾರೆ. ಇದಕ್ಕೆ ತಾವೇ ಸಾವಿರಾರು ಡಾಲರ್ ಶುಲ್ಕವನ್ನೂ ತೆರುತ್ತಾರೆ. ಆದರೆ ಇಪ್ಪತ್ತೆರಡರ ಮೇಲೆ ಕೈ ಸುಮ್ಮನಿರುತ್ತದೆಯೆ? ಹಾಗೆ ಸುಮ್ಮನಿರದವರಿಗಾಗಿ ಇನ್ನೊಂದು ಪರಂಪರೆ ಇತ್ತು. ಅದೇ ಡ್ರಮ್ ಕೋರ್ ಅಸೋಸಿಯೇಟ್ಸ್. 1963ರಲ್ಲಿ ರೂಪುಗೊಂಡ ಈ ಸಂಸ್ಥೆ 1965ರಿಂದ, ಸೆಪ್ಟೆಂಬರ್ ಆರಂಭದ ಕಾರ್ಮಿಕ ದಿನದ ರಜೆಯಲ್ಲಿ, ವಯೋಮಿತಿಯಿಲ್ಲದ ಮೇಳಗಳ ಮಹಾಸ್ಪರ್ಧೆಯನ್ನು ನಡೆಸಿಕೊಂಡು ಬಂದಿತು. ಮೊದಲು ಇವನ್ನು ಹಿರಿಯರ ಮೇಳಗಳೆಂದು ಕರೆಯುತ್ತಿದ್ದರು. ಈಚೆಗೆ ಸರ್ವವಯಸ್ಕರ ಮೇಳಗಳೆನ್ನುತ್ತಾರೆ. 1946ರಲ್ಲಿ ಹುಟ್ಟಿದ ನ್ಯೂಜೆರ್ಸಿಯ ಹಾಥಾರ್ನ್ ಕ್ಯಾಬಲೆರೋಸ್, 1957ರಲ್ಲಿ ಹುಟ್ಟಿದ ಪೆನ್ಸಿಲ್ವೇನಿಯದ ರೀಡಿಂಗ್ ಬಕನಿಯರ್ಸ್ ಇವುಗಳಲ್ಲಿ ಹೆಸರಾದವು. ಮೊದಲನೆಯದಕ್ಕೆ ಸ್ಪೇನಿನ ಧಾಟಿಯ ಸಂಗೀತವೇ ಮನೆಮಾತು. ಎರಡನೆಯದು ಹೆಸರಿಗೆ ತಕ್ಕಂತೆ ಕಡಲುಗಳ್ಳರ ವೇಷಕ್ಕೆ ಪ್ರಸಿದ್ಧ. ಇಲ್ಲಿ ಬಾರಿಸುವವರು ವಾರದ ದಿನಗಳಲ್ಲಿ ಶಿಕ್ಷಕರು, ದಾದಿಯರು, ಗುಮಾಸ್ತರು, ಬಡಗಿಗಳು. ಅಭ್ಯಾಸವೆಲ್ಲ ಶನಿವಾರ ಭಾನುವಾರ.

2019ರ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ, ಪೆನ್ಸಿಲ್ವೇನಿಯದ ಒಂದು ಶಾಲಾ ಮೈದಾನದಲ್ಲಿ ನಡೆದ ಇಂಥ ಸ್ಪರ್ಧೆಯನ್ನು ನೋಡುವ ಅವಕಾಶ ಒದಗಿತು. ಅಂದಿನ ಪ್ರದರ್ಶನಗಳ ವಿಮರ್ಶೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮೇಳಗಳ ಹೆಸರನ್ನು ಮಾತ್ರ ಹೇಳುವುದಿಲ್ಲ. ದುಡಿದ ಹಣವನ್ನು ಕಟ್ಟಿ, ರಜೆಯನ್ನು ಕಳೆದುಕೊಂಡು ಬಾರಿಸಲು ಬಂದವರ ತಪ್ಪನ್ನು ಹೆಸರು ಹಿಡಿದು ಅಚ್ಚು ಹಾಕಿಸುವುದು ವಿಮರ್ಶಕನಿಗೆ ಶೋಭಿಸದು.

ಪ್ರದರ್ಶನಗಳಿಗೆ ಮುನ್ನ ಒಂದು ತೊಡಕನ್ನು ವಿವರಿಸಬೇಕು. ಇದು ತಿಳಿಯದೆ ಮುಂದಿನದು ತಿಳಿಯದು. ಮೈದಾನದ ಉದ್ದ ನೂರು ಗಜ, ಎಂದರೆ ಸುಮಾರು 91 ಮೀಟರು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ, ಈ ತುದಿಯ ಪೆಟ್ಟು ಆ ತುದಿಯವನ ಕಿವಿಗೆ ಮುಟ್ಟಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚೇ ಬೇಕು. ನಿಮಿಷಕ್ಕೆ 160 ಪೆಟ್ಟಿನ ಲಯದಲ್ಲಿ ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವಿನ ಕಾಲವೇ ಸೆಕೆಂಡಿನ ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಂದಮೇಲೆ ಎದುರು ತುದಿಯ ನಾದವನ್ನು ನಂಬಿ ಬಾರಿಸಿದವನು ಮುಕ್ಕಾಲು ಪೆಟ್ಟಿನಷ್ಟು ಹಿಂದೆ ಬೀಳುತ್ತಾನೆ. ಕೂತು ನುಡಿಸುವ ಕಚೇರಿಯಲ್ಲಿ ಕಿವಿಯೇ ಗುರು. ಇಲ್ಲಿ ಕಿವಿಯೇ ವಂಚಕ. ಆದುದರಿಂದ ನಡುವಿನ ಸ್ನೇರ್ ವಾದಕನು ಡ್ರಮ್ ಮೇಜರನ ಕೈಯನ್ನು ಕಣ್ಣಿನಿಂದ ಹಿಡಿಯುತ್ತಾನೆ. ಮೈದಾನದ ಅಂಚಿನಲ್ಲಿ ಮರಿಂಬಾ, ಕ್ಸೈಲೋಫೋನುಗಳನ್ನಿಟ್ಟುಕೊಂಡು ನಿಂತವರು ಡ್ರಮ್ ಮೇಜರನನ್ನು ನೆಚ್ಚದೆ, ಬೆನ್ನಹಿಂದಿನಿಂದ ಬರುವ ಡ್ರಮ್ಮಿನ ನಾದಕ್ಕೆ ತಮ್ಮ ಪೆಟ್ಟನ್ನು ಕೂಡಿಸುತ್ತಾರೆ. ಯಾರು ಯಾವಾಗ ಕಣ್ಣನ್ನು ನಂಬಬೇಕು, ಯಾವಾಗ ಕಿವಿಯನ್ನು ನಂಬಬೇಕು ಎಂಬುದೇ ಈ ಕಲೆಯ ಒಳಗುಟ್ಟು.

ಮೊದಲು ಬಂದದ್ದು ಮೂವತ್ತು ಜನರ ಸಣ್ಣ ಮೇಳ. ಊದುವವರ ಬಲ ಸಾಲದಾಯಿತು. ಎತ್ತರದ ಸ್ವರಗಳಲ್ಲಿ ಉಸಿರು ಕಟ್ಟಿತು, ನಡಿಗೆಯ ಸಾಲುಗಳು ಸೊಟ್ಟಗಾದವು. ಆದರೆ ನಾಲ್ಕೇ ಜನ ಸ್ನೇರ್ ವಾದಕರು ಅತಿ ಮೆಲುದನಿಯಲ್ಲಿ ಒಂದು ಉರುಳಿಕೆಯನ್ನು ಎತ್ತಿದರು. ಗಟ್ಟಿಯಾಗಿ ಬಾರಿಸುವಾಗ ತಪ್ಪು ಮುಚ್ಚಿಹೋಗುತ್ತದೆ. ಮೆಲುದನಿಯಲ್ಲಿ ನಾಲ್ಕು ಜನ ಒಬ್ಬನಂತೆ ಕೇಳಿಸುವುದು ಅಪರೂಪ. ಆ ನಾಲ್ವರಲ್ಲಿ ಒಬ್ಬರ ತಲೆ ಪೂರ್ತಿ ನರೆತಿತ್ತು. ಅವರು ಎಡಗೈ ಕೋಲನ್ನು ಅಂಗೈ ಮೇಲ್ಮುಖವಾಗಿ ಹಿಡಿದಿದ್ದರು. ಡ್ರಮ್ಮನ್ನು ಹೆಗಲಿನ ಪಟ್ಟಿಗೆ ತೂಗುಹಾಕಿದಾಗ ಅದು ಓರೆಯಾಗಿ ನಿಲ್ಲುತ್ತಿದ್ದ ಕಾಲದ ಹಿಡಿತವದು. ಇಂದು ಡ್ರಮ್ ಸಮತಲವಾಗಿಯೇ ನಿಂತರೂ ಹಿಡಿತ ಉಳಿದುಬಂದಿದೆ. ತೀರ್ಪುಗಾರರು ಈ ಮೇಳಕ್ಕೆ ಕೊನೆಯ ಸ್ಥಾನ ಕೊಟ್ಟರು. ಒಟ್ಟು ಲೆಕ್ಕದಲ್ಲಿ ಅದು ನ್ಯಾಯವೇ. ಆದರೆ ಆ ಉರುಳಿಕೆಯ ನೆನಪು ನನ್ನಲ್ಲಿ ಉಳಿದಷ್ಟು ಗೆದ್ದವರದು ಉಳಿದಿಲ್ಲ.

ಎರಡನೆಯ ಮೇಳ ಆಡಂಬರದ್ದು. ಮೈದಾನದ ತುಂಬ ಏಣಿಗಳು, ಚೌಕಟ್ಟುಗಳು, ಬಣ್ಣದ ಪರದೆಗಳು. ಧ್ವನಿವರ್ಧಕದಲ್ಲಿ ಒಬ್ಬಾಕೆ ಬಿರುಗಾಳಿಯ ಕಥೆಯನ್ನು ಓದುತ್ತಿದ್ದಳು. ತರುಣರ ಸ್ಪರ್ಧೆಯಲ್ಲಿ 2004ರಲ್ಲಿ ಧ್ವನಿವರ್ಧಕಕ್ಕೂ 2009ರಲ್ಲಿ ವಿದ್ಯುನ್ಮಾನ ವಾದ್ಯಗಳಿಗೂ ಅನುಮತಿ ದೊರೆತ ಮೇಲೆ ಬೆಳೆದ ರೀತಿ ಇದು. ವಿದ್ಯುನ್ಮಾನದ ಗುಡುಗು ಎದ್ದಾಗಲೆಲ್ಲ ಬೇಸ್ ಡ್ರಮ್ಮುಗಳು ಮುಳುಗಿಹೋದವು. ಇದು ಸಣ್ಣ ನಷ್ಟವಲ್ಲ. ಈ ಮೇಳಗಳಲ್ಲಿ ಬೇಸ್ ಡ್ರಮ್ ಸಾಮಾನ್ಯವಾಗಿ ಐದು. ಒಂದಕ್ಕಿಂತ ಒಂದು ದೊಡ್ಡದು, ಒಂದೊಂದಕ್ಕೂ ಒಂದೊಂದು ಸ್ಥಾಯಿ. ಒಂದು ಓಟದ ಐದು ಪೆಟ್ಟುಗಳನ್ನು ಐವರು ಹಂಚಿಕೊಂಡು ಬಾರಿಸುತ್ತಾರೆ. ಒಂದು ಪದದ ಒಂದೊಂದು ಅಕ್ಷರವನ್ನು ಒಬ್ಬೊಬ್ಬರು ಉಚ್ಚರಿಸಿ, ಕೇಳುವವನಿಗೆ ಪದ ಇಡಿಯಾಗಿ ಕೇಳಿಸಬೇಕೆಂದರೆ ಎಷ್ಟು ಕಷ್ಟವೋ ಅಷ್ಟು ಕಷ್ಟ ಇದು. ಅಂಥ ಶ್ರಮವನ್ನು ಒಂದು ಯಂತ್ರದ ಗುಂಡಿಯಡಿ ಹೂತು ಹಾಕುವುದು ಯಾವ ಬಗೆಯ ಸಂಯೋಜನೆ? ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಮೂರನೆಯದರಲ್ಲಿ ಹೊಸತೇನೂ ಇರಲಿಲ್ಲ. ಹಳೆಯ ಧಾಟಿಯ ನಡಿಗೆ, ಹಳೆಯ ಧಾಟಿಯ ಸಂಗೀತ. ನಡುವೆ ವಿಲಂಬದ ಒಂದು ಭಾಗದಲ್ಲಿ ಡ್ರಮ್ಮಿನವರೆಲ್ಲ ಒಂದು ನಿಮಿಷಕ್ಕೂ ಮೀರಿ ಕೋಲುಗಳನ್ನು ಅಡ್ಡಗಟ್ಟಿ ಸುಮ್ಮನೆ ನಿಂತರು. ಡ್ರಮ್ಮಿನ ಹೆಸರಿನ ಸ್ಪರ್ಧೆಯಲ್ಲಿ ಡ್ರಮ್ಮನ್ನು ಸುಮ್ಮನಿರಿಸಲು ಧೈರ್ಯ ಬೇಕು. ಊದುವವರ ನಾದ ಮೈದಾನವನ್ನು ತುಂಬಿ ನಿಧಾನವಾಗಿ ಆರುವ ಹೊತ್ತಿಗೆ, ಐದರಲ್ಲಿ ಅತಿ ದೊಡ್ಡ ಬೇಸ್ ಡ್ರಮ್ಮಿನ ಒಂದೇ ಪೆಟ್ಟು ಬಿತ್ತು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗ, "ಅಜ್ಜಾ, ಅದನ್ನು ಹೊಡೆದದ್ದು ತಾಯಿ, ಎರಡನೆಯ ಡ್ರಮ್ ಹೊತ್ತವನು ಅವಳ ಮಗ" ಎಂದ. ಅವನ ಶಾಲೆಯ ಹಿರಿಯ ವಿದ್ಯಾರ್ಥಿಯಂತೆ ಆ ಹುಡುಗ. ತಾಯಿಯ ಅಕ್ಷರ, ಮಗನ ಅಕ್ಷರ ಸೇರಿ ಒಂದು ಪದ. ವಯೋಮಿತಿಯ ಗೆರೆ ಎಳೆದ ಮೇಳಗಳಲ್ಲಿ ಇದು ಸಾಧ್ಯವೇ ಇಲ್ಲ.

ಗೆದ್ದ ಮೇಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶುದ್ಧಿಯಲ್ಲಿ ಅವರಿಗೆ ಸಾಟಿಯಿರಲಿಲ್ಲ. ಎಂಟು ಸ್ನೇರ್‌ಗಳ ಕೋಲು ಒಂದೇ ಎತ್ತರಕ್ಕೆ ಏಳುತ್ತಿತ್ತು, ಒಂದೇ ಎತ್ತರಕ್ಕೆ ಇಳಿಯುತ್ತಿತ್ತು. ಮೊದಲರ್ಧದಲ್ಲಿ ಅವಸರ ಮಾಡಿದರು ಎಂಬುದೊಂದೇ ನನ್ನ ಆಕ್ಷೇಪ.

ಮಠದ ಪಾಠಶಾಲೆಯಲ್ಲಿ ಸಂಸ್ಕೃತದೊಡನೆ ಒಂದಿಷ್ಟು ತಬಲಾ ಪಾಠವನ್ನೂ ಕಂಡವನಾದುದರಿಂದ ನನಗೆ ಈ ವಿದ್ಯೆಯ ಅಕ್ಷರಮಾಲೆಯಲ್ಲಿ ವಿಶೇಷ ಕುತೂಹಲ. ನಮ್ಮ ಬೋಲುಗಳಂತೆಯೇ ಅವರ ಪೆಟ್ಟಿನ ಗುಂಪುಗಳಿಗೂ ನಾದದಿಂದಲೇ ಹುಟ್ಟಿದ ಹೆಸರುಗಳಿವೆ: ಫ್ಲಾಮ್, ಪ್ಯಾರಡಿಡಲ್, ರಾಟಮಾಕ್ಯೂ. ಪ್ಯಾರಡಿಡಲ್ ಎಂದರೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಬಾಯಲ್ಲಿ ಹೇಳಿಕೊಂಡರೆ ಕೈ ತಾನೇ ಕಲಿಯುತ್ತದೆ. 1933ರಲ್ಲಿ ಷಿಕಾಗೋದಲ್ಲಿ ಅಮೆರಿಕನ್ ಲೀಜನ್ ಸಮ್ಮೇಳನಕ್ಕೆ ಬಂದಿದ್ದ ಡ್ರಮ್ ವಾದಕರು ಒಂದು ಸಂಘ ಕಟ್ಟಿ ಈ ಪಾಠಗಳನ್ನು ಕ್ರಮಗೊಳಿಸಿದರು. ಅವು 26 ಆದವು. 1984ರಲ್ಲಿ ಬೇರೊಂದು ಸಂಸ್ಥೆ ಅದನ್ನು 40ಕ್ಕೆ ವಿಸ್ತರಿಸಿತು.

ತೀರ್ಪಿನ ಮಾತು ಉಳಿಯಿತು. ಹಿಂದೆ ತೀರ್ಪುಗಾರರು ಮೈದಾನದೊಳಗೇ ಡ್ರಮ್ಮುಗಳ ಪಕ್ಕದಲ್ಲಿ ನಡೆಯುತ್ತ, ಕೇಳಿಸಿದ ಪ್ರತಿ ತಪ್ಪಿಗೂ ಅಂಕದ ಹತ್ತನೆಯ ಒಂದು ಭಾಗವನ್ನು ಕಳೆಯುತ್ತಿದ್ದರು. ತರುಣರ ಸಂಸ್ಥೆ 1984ರಲ್ಲಿ ಈ ಪದ್ಧತಿಯನ್ನು ಬಿಟ್ಟು, ಎಷ್ಟು ಸಾಧಿಸಿದರು ಎಂಬುದಕ್ಕೆ ಅಂಕ ಕೊಡುವ ಪದ್ಧತಿಯನ್ನು ಹಿಡಿಯಿತು. ತಪ್ಪನ್ನೇ ಎಣಿಸಿದರೆ ಯಾರೂ ಕಷ್ಟದ್ದನ್ನು ಮುಟ್ಟುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ; ನಾನೂ ಒಪ್ಪುತ್ತೇನೆ. ಆದರೆ ಈಗ ನೂರು ಅಂಕಗಳಲ್ಲಿ ದೊಡ್ಡ ಪಾಲು ಒಟ್ಟು ಪರಿಣಾಮಕ್ಕೆ ಮೀಸಲು. ಪರಿಣಾಮವೆಂಬುದು ಹಣದಿಂದ ಕೊಳ್ಳಬಹುದಾದ ವಸ್ತು. ಪರದೆ, ಏಣಿ, ಯಂತ್ರಗಳಿಗೆ ಹಣ ಸುರಿಯಲಾರದ ಮೂವತ್ತು ಜನರ ಮೇಳ ಆ ಪೈಪೋಟಿಯಲ್ಲಿ ಎಷ್ಟು ದಿನ ನಿಂತೀತು?

ಈ ಪ್ರಶ್ನೆ ಈಗ ಇನ್ನಷ್ಟು ತುರ್ತಾಗಿದೆ. 2020ರಲ್ಲಿ ಸಾಂಕ್ರಾಮಿಕದಿಂದ ಮಹಾಸ್ಪರ್ಧೆ ನಿಂತಿತು. ಡ್ರಮ್ ಕೋರ್ ಅಸೋಸಿಯೇಟ್ಸ್‌ನ ಕೊನೆಯ ಮಹಾಸ್ಪರ್ಧೆ 2023ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ನಡೆಯಿತು. 2024ರಿಂದ ಈ ಮೇಳಗಳು ತರುಣರ ಸಂಸ್ಥೆಯೊಳಗೇ ಸರ್ವವಯಸ್ಕರ ವರ್ಗವೆಂಬ ಹೆಸರಿನಲ್ಲಿ ಸೇರಿವೆ. ದೊಡ್ಡ ಸಂಸ್ಥೆಯ ಆಶ್ರಯದಿಂದ ಪ್ರೇಕ್ಷಕರೂ ವ್ಯವಸ್ಥೆಯೂ ದೊರಕಬಹುದು, ಅದು ಒಳ್ಳೆಯದೇ. ಆದರೆ ದಿನಕ್ಕೆ ಹನ್ನೆರಡು ಗಂಟೆ ಅಭ್ಯಾಸ ಮಾಡುವ ತರುಣನನ್ನು ಅಳೆಯುವ ಕೋಲಿನಿಂದಲೇ, ವಾರವೆಲ್ಲ ಆಸ್ಪತ್ರೆಯಲ್ಲಿ ದುಡಿದು ಶನಿವಾರ ಡ್ರಮ್ ಹೊರುವ ಹೆಂಗಸನ್ನೂ ಅಳೆದರೆ, ಮೇಳಗಳೆಲ್ಲ ತರುಣರ ಮೇಳದ ಮಸುಕು ಪ್ರತಿಗಳಾಗುತ್ತವೆ. ಸರ್ವವಯಸ್ಕರ ವರ್ಗದ ಅಂಕಪಟ್ಟಿಯಲ್ಲಿ ಸಾಮಗ್ರಿಯ ವೈಭವಕ್ಕೆ ಕಡಿಮೆ, ಕೈಯ ನಾದಕ್ಕೆ ಹೆಚ್ಚು ಸ್ಥಾನವಿರಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಣ್ಣ ಮೇಳಗಳಿಗೆ ಉಳಿವಿನ ದಾರಿ ಅದೊಂದೇ.

ಅಮೆರಿಕದಲ್ಲಿರುವ ನಮ್ಮವರಾಗಲಿ, ಮಕ್ಕಳನ್ನು ನೋಡಲು ಹೋಗುವ ಹಿರಿಯರಾಗಲಿ ಇಂಥ ಸ್ಪರ್ಧೆಗೆ ಹೋಗುವುದಾದರೆ ಒಂದು ಗಂಟೆ ಮೊದಲೇ ಹೋಗಿರಿ. ಡ್ರಮ್ಮಿನವರು ವಾಹನ ನಿಲುಗಡೆಯ ಬಯಲಿನಲ್ಲಿ ಅರ್ಧಚಂದ್ರಾಕಾರವಾಗಿ ನಿಂತು ಕೈ ಕಾಯಿಸುತ್ತಿರುತ್ತಾರೆ. ಯಾರು ಬೇಕಾದರೂ ಹತ್ತಿರ ನಿಂತು ಕೇಳಬಹುದು. ಒಳಗೆ ದೂರದಿಂದ ಕೇಳಿಸದ ಸೂಕ್ಷ್ಮವೆಲ್ಲ ಅಲ್ಲಿ ಕೇಳಿಸುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ; ಎಳೆಯ ಮಕ್ಕಳಿದ್ದರೆ ಅವರಿಗೆ ಕಿವಿಮುಚ್ಚಿಗೆಯೇ ಬೇಕು. ಒಳಗೆ ಕೂರುವಾಗ ಮುಂದಿನ ಸಾಲು ಬೇಡ, ಎತ್ತರದ ನಡುಭಾಗ ಹಿಡಿಯಿರಿ. ಮೈದಾನದ ಎರಡೂ ತುದಿಗಳ ನಾದ ಒಟ್ಟಿಗೆ ಬಂದು ಸೇರುವ ಜಾಗ ಅದು.