ವಾರಕ್ಕೆರಡು ದಿನ ಓಣಿಯಲ್ಲಿ ಪಾಠ
ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವವರು ವಾರಕ್ಕೆ ಸುಮಾರು ಎರಡು ದಿನ ತರಗತಿಯಲ್ಲಿ ಸಿಗುವುದಿಲ್ಲ. ಕೊಳೆಗೇರಿಯಲ್ಲೋ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲೋ ಬಾಲಮಂದಿರದಲ್ಲೋ ಇರುತ್ತಾರೆ. ಕ್ಷೇತ್ರಕಾರ್ಯದ ಈ ಪದ್ಧತಿ ಹೊಸತೇನಲ್ಲ. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ, ಅಂದರೆ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್), ಶುರುವಾದದ್ದೇ ನಾಗಪಾಡಾದ ಬಡ ಕಾರ್ಮಿಕರ ವಸತಿಯ ನಡುವೆ. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್ಶಾರ್ಡ್ ಅಲ್ಲಿ ಅದಾಗಲೇ ನೆರೆಹೊರೆಯ ಸೇವಾಕೇಂದ್ರವೊಂದನ್ನು ನಡೆಸುತ್ತಿದ್ದರು. ನಮ್ಮ ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ ಹುಟ್ಟಿದ್ದು 1960ರಲ್ಲಿ. ಚರಿತ್ರೆ ಏನೇ ಇರಲಿ, ಮೊದಲ ದಿನದ ಫಜೀತಿ ಎಲ್ಲರಿಗೂ ಒಂದೇ. ಸಮೀಕ್ಷೆಯ ನಮೂನೆ ಹಿಡಿದು ಹೋದ ಹುಡುಗಿಗೆ ಹೊಸ್ತಿಲಲ್ಲಿ ಕೂತ ಅಜ್ಜಿ ಕೇಳುತ್ತಾಳೆ: “ಪಿಂಚಣಿ ನಿಂತು ಹೋಗೈತೆ, ಕೊಡಿಸ್ತೀಯೇನವ್ವಾ?” ಪುಸ್ತಕದ ಯಾವ ಅಧ್ಯಾಯದಲ್ಲೂ ಇದಕ್ಕೆ ಉತ್ತರವಿಲ್ಲ, ಕೊಡಿಸುತ್ತೇನೆ ಎಂದು ಬಾಯಿಬಿಟ್ಟರೆ ಇನ್ನೂ ಕಷ್ಟ. ರಾತ್ರಿ ಬರೆಯುವ ವರದಿಯಲ್ಲಿ ‘ಕುಟುಂಬಕ್ಕೆ ಆಪ್ತಸಲಹೆ ನೀಡಲಾಯಿತು’ ಎಂದು ಮುಗಿಸಿದರೆ ಒಳ್ಳೆಯ ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚುತ್ತಾರೆ: ಅಜ್ಜಿ ಏನಂದಳು, ನೀನೇನಂದೆ? ಅಂಥ ಮೇಷ್ಟ್ರು ಸಿಗದ ಕಡೆ ಕ್ಷೇತ್ರಕಾರ್ಯವೆಂದರೆ ಸಂಸ್ಥೆಯ ಮೊಹರು, ಒಂದು ಸಹಿ, ಬ್ಯಾನರ್ ಮುಂದೆ ನಿಂತ ಫೋಟೊ, ಅಷ್ಟೇ. ಆ ಹುಡುಗಿಯಂತೂ ಮುಂದಿನ ವಾರ ನಮೂನೆಯನ್ನು ಚೀಲದಲ್ಲೇ ಬಿಟ್ಟು, ಅಜ್ಜಿಯನ್ನು ಕರೆದುಕೊಂಡು ನಾಡಕಚೇರಿಯ ಸರದಿಯಲ್ಲಿ ನಿಂತಳು.